ಬುಟ್ಟಿ ಸೈಕಲ್ಲಿನ ಸರದಿ

ಸೈಕಲ್ಲುಗಳ ಸಂಘವೊಂದು ಬಯಲಿನ ಹಳ್ಳಿದಾರಿಯಲ್ಲಿ ಎದುರುಗಾಳಿಗೆ ಸಾಲಾಗಿ ಹೊರಟಿತ್ತು. ಮುಂದಿರುವುದು ಗಾಳಿಯನ್ನು ತಡೆದು ಹಿಂದಿನವಕ್ಕೆ ಮರೆಯಾಗಬೇಕು, ದಣಿದಾಗ ಸಾಲಿನ ಕೊನೆಗೆ ಸರಿಯಬೇಕು; ಇದು ಸಂಘದ ಕಟ್ಟಳೆ. ಹ್ಯಾಂಡಲಿಗೆ ಬುಟ್ಟಿ ಕಟ್ಟಿಕೊಂಡ ಪುಟ್ಟ ಸೈಕಲ್ಲಿಗೆ ಮಾತ್ರ ಯಾರೂ ಸರದಿ ಕೊಡುತ್ತಿರಲಿಲ್ಲ.

"ತಂಗೀ, ಆ ಬುಟ್ಟಿ ಹೊತ್ತು ಗಾಳಿಗೆ ನಿಲ್ಲಲಾರೆ. ಕೊನೆಯಲ್ಲೇ ಇರು," ಎಂದಿತು ರೇಸ್ ಸೈಕಲ್.

"ಕನಿಕರ ಸಾಕಣ್ಣಾ. ನನ್ನ ಸರದಿ ನನಗೆ ಬಿಡು," ಎಂದು ಬುಟ್ಟಿ ಸೈಕಲ್ ಮುಂದೆ ಬಂತು.

ಗಾಳಿ ನಕ್ಕಿತು. "ದೊಡ್ಡವರನ್ನೇ ಅಲ್ಲಾಡಿಸಿದ್ದೇನೆ. ನೀನು ಯಾವ ಲೆಕ್ಕ?"

"ಮಾತು ಆಮೇಲೆ. ಮೊದಲು ಬೀಸು."

ಗಾಳಿ ಬುಟ್ಟಿಯೊಳಗೆ ಹೊಕ್ಕು ಹಿಂದಕ್ಕೆ ನೂಕಿತು. ಸೈಕಲ್ ಓಲಾಡಿತು, ಬೇಲಿಗೆ ತಾಗಿತು, ಆದರೆ ನಿಲ್ಲಲಿಲ್ಲ. "ಎಷ್ಟು ನಿಧಾನ" ಎಂದು ಹಿಂದಿನವು ಗೊಣಗಿದವೇ ಹೊರತು ಅದರ ಮರೆ ಬಿಟ್ಟು ಒಂದೂ ಮುಂದೆ ಬರಲಿಲ್ಲ.

ಕಾಲುವೆಯ ಸೇತುವೆ ದಾಟಿದ ಮೇಲೆ ರೇಸ್ ಸೈಕಲ್, "ಇನ್ನಾದರೂ ಕೊನೆಗೆ ಹೋಗು," ಎಂದಿತು.

"ಹೋಗುತ್ತೇನೆ," ಎಂದಿತು ಬುಟ್ಟಿ ಸೈಕಲ್. "ಬೆಳಿಗ್ಗೆ ನೀವು ಇಟ್ಟಿರಿ ಅಂತ ಅಲ್ಲಿದ್ದೆ. ಈಗ ನನ್ನ ಸರದಿ ಮುಗಿಯಿತು ಅಂತ ಹೋಗುತ್ತಿದ್ದೇನೆ. ಬಾ ಅಣ್ಣಾ, ಗಾಳಿ ನಿನಗಾಗಿ ಕಾದಿದೆ."