ಕಣ್ಣು ಮುಚ್ಚಿ ಕುಳಿತವರು

"ಗುರುಗಳೇ, ನಾನು ಪ್ರವಚನ ಮಾಡುವಾಗ ಒಬ್ಬಳು ಮುದುಕಿ ದಿನವೂ ಎದುರಿಗೇ ಕಣ್ಣು ಮುಚ್ಚಿ ಕೂರುತ್ತಾಳೆ. ನನಗೆ ಮಾತೇ ತಪ್ಪಿಹೋಗುತ್ತದೆ. ನಾಳೆಯಿಂದ ಬರಬೇಡವೆಂದು ಹೇಳಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ನಮ್ಮ ಕಡೆಯ ಒಬ್ಬ ಉಪಾಧ್ಯಾಯ ಜಪಾನಿನ ಸಣ್ಣ ಊರೊಂದಕ್ಕೆ ಇಂಗ್ಲಿಷ್ ಕಲಿಸಲು ಹೋದ. ಅಲ್ಲಿನ ಮಕ್ಕಳೆಂದರೆ ಅವನಿಗೆ ಪ್ರಾಣ. ವರ್ಷ ತುಂಬುತ್ತಾ ಬಂದಾಗ, ಅವನನ್ನು ಉಳಿಸಿಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸಲು ಮುಖ್ಯೋಪಾಧ್ಯಾಯರು ತರಗತಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತರು.

ಅಂದು ಪ್ರಾಣಿಗಳ ಪಾಠ. ಉಪಾಧ್ಯಾಯ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದ. ಚಿಯೊ ಎಂಬ ಹುಡುಗಿ ತಡವರಿಸಿದಾಗ ಸುಮ್ಮನೆ ಕಾದ. ಅವಳು ಕೊನೆಗೂ ಉತ್ತರ ಹೇಳಿದಳು. ಉಪಾಧ್ಯಾಯ ಸಂತೋಷದಿಂದ ತಲೆಯೆತ್ತಿದರೆ, ಮುಖ್ಯೋಪಾಧ್ಯಾಯರು ಕೈಕಟ್ಟಿ ಕಣ್ಣು ಮುಚ್ಚಿದ್ದರು. ಪಾಠ ಬೇಸರವಾಗಿ ನಿದ್ದೆ ಹೋದರೆಂದುಕೊಂಡ. ದನಿ ಏರಿಸಿದ. ಮೇಜು ಬಡಿದ. ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ಮಂಗನಂತೆ ಕುಣಿದ, ಆನೆಯಂತೆ ಘೀಳಿಟ್ಟ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮುಖ್ಯೋಪಾಧ್ಯಾಯರು ಮಾತ್ರ ಜಪ್ಪಯ್ಯ ಅಂದರೂ ಕಣ್ಣು ಬಿಡಲಿಲ್ಲ.

ಗಂಟೆ ಹೊಡೆಯಿತು. ಉಪಾಧ್ಯಾಯ ನೇರವಾಗಿ ಅವರ ಬಳಿ ಹೋಗಿ, ನಿಮಗೆ ನಿದ್ದೆ ಬರಿಸಿದ ಪಾಠ ಮಕ್ಕಳಿಗೇಕೆ, ನಾನು ನನ್ನ ಊರಿಗೆ ಹೊರಡುತ್ತೇನೆ ಎಂದ.

ಮುಖ್ಯೋಪಾಧ್ಯಾಯರು ತಬ್ಬಿಬ್ಬಾದರು. ದಿಟ್ಟಿಸಿ ನೋಡಿದರೆ ಮಾತಾಡುವವರಿಗೆ ಕಸಿವಿಸಿಯಾದೀತೆಂದು, ಗಮನವಿಟ್ಟು ಕೇಳುವಾಗ ಕಣ್ಣು ಮುಚ್ಚುವುದು ಆ ಊರಿನ ಹಿರಿಯರ ರೂಢಿ. ಅದನ್ನು ತಿಳಿಸಿ ಅವರು ಹೇಳಿದರು:

"ಚಿಯೊ ಈ ಶಾಲೆಯಲ್ಲಿ ಬಾಯಿ ಬಿಟ್ಟದ್ದು ಇವತ್ತೇ ಮೊದಲು. ನಿಮ್ಮನ್ನು ಕಳಿಸಬಾರದೆಂದು ನಾನು ಆಗಲೇ ನಿಶ್ಚಯಿಸಿದೆ. ಆದರೆ ಆಮೇಲೆ ನಿಮ್ಮ ಬಾಯಲ್ಲಿ ಒಂದು ಮಗುವಿನ ಹೆಸರೂ ಕೇಳಲಿಲ್ಲ. ನೀವು ಯಾರಿಗೆ ಪಾಠ ಮಾಡುತ್ತಿದ್ದಿರಿ?"

ಉಪಾಧ್ಯಾಯ ನಾಚಿಕೆಯಿಂದ ತಲೆ ತಗ್ಗಿಸಿದ. ಮರುದಿನ ಚಿಯೊಳ ಪಕ್ಕದ ಮಗುವಿನ ಹೆಸರು ಕರೆದು, ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಿದ.

ಕತೆ ಮುಗಿಯಿತು. ಶಿಷ್ಯನ ಮನಸ್ಸು ಹಗುರಾಯಿತು. ಹಾಗಾದರೆ ಆ ಮುದುಕಿಯೂ ನನ್ನ ಮಾತನ್ನೇ ಕೇಳುತ್ತಿರಬೇಕು, ಬರುತ್ತಿರಲಿ ಎಂದು ನಗುತ್ತಾ ಎದ್ದ.

"ಆಕೆಯ ಹೆಸರೇನು?" ಎಂದು ಗುರುಗಳು ಕೇಳಿದರು.

ಮರುದಿನ ಪ್ರವಚನಕ್ಕೆ ಮೊದಲು ಶಿಷ್ಯ ಆ ಮುದುಕಿಯ ಬಳಿ ಹೋಗಿ ಹೆಸರು ಕೇಳಿದ.