ಮಂಡಕ್ಕಿ ಹಾಕದ ದೋಣಿಯವನು

“ಗಿರಾಕಿ ಕೇಳಿದ್ದನ್ನು ಕೊಡುವುದೇ ವ್ಯಾಪಾರಿಯ ಧರ್ಮವಲ್ಲವೇ, ಗುರುಗಳೇ?” ಎಂದು ಶಿಷ್ಯ ಪದ್ಮಯ್ಯ ಕೇಳಿದ.

ಗುರುಗಳು ಮಠಕ್ಕೆ ಬರುವ ಮುಂಚೆ ಮೂವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಧರ್ಮದ ಹೆಸರು ಹಿಡಿದು ಬರುವ ಪ್ರಶ್ನೆಯ ಹಿಂದೆ ಏನಾದರೊಂದು ಸರಕು ಇದ್ದೇ ಇರುತ್ತದೆ ಎಂಬುದು ಅವರಿಗೆ ತಿಳಿದಿತ್ತು.

“ಗಿರಾಕಿ ಏನು ಕೇಳಿದ, ಅದನ್ನು ಮೊದಲು ಹೇಳು,” ಎಂದರು.

ಪದ್ಮಯ್ಯ ಹೇಳಿದ. ಅವನು ಕಡಲ ದಡದಲ್ಲಿ ನಾಲ್ಕು ಕೋಣೆಯ ವಸತಿಗೃಹ ತೆರೆದಿದ್ದ. ಬಂದವರನ್ನು ಡಾಲ್ಫಿನ್ ನೋಡಲು ದೋಣಿಯಲ್ಲಿ ಕರೆದೊಯ್ಯುತ್ತಿದ್ದ. ಕೆಲವು ದಿನ ಕಾಣುತ್ತಿದ್ದವು, ಕೆಲವು ದಿನ ಇಲ್ಲ. ಈ ವರ್ಷ ಪಕ್ಕದವನು ಮೂರು ಮೋಟಾರು ದೋಣಿ ಬಿಟ್ಟ. ಮೂರೂ ಸೇರಿ ಡಾಲ್ಫಿನ್‌ಗಳನ್ನು ಸುತ್ತುಗಟ್ಟಿ, ಬಂದವರಿಗೆಲ್ಲ ಖಾತ್ರಿಯಾಗಿ ತೋರಿಸುತ್ತಿದ್ದವು. ಪದ್ಮಯ್ಯನ ಗಿರಾಕಿಗಳು ಅತ್ತ ಹೋದರು. ನಾವೂ ಹಾಗೇ ಮಾಡೋಣ, ಇಲ್ಲವಾದರೆ ನನ್ನ ಪಾಲು ಬಿಡಿಸಿಕೊಡು ಎಂದು ಪಾಲುದಾರ ಪಟ್ಟು ಹಿಡಿದಿದ್ದ.

“ನಾಳೆ ಅವನಿಗೆ ಉತ್ತರ ಹೇಳಬೇಕು,” ಎಂದ ಪದ್ಮಯ್ಯ.

“ಹಾಗಾದರೆ ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಪಡುವಣ ಕಡಲಿನಲ್ಲಿ ಒಂದು ದ್ವೀಪ. ಈ ತುದಿಯಲ್ಲಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಆ ತುದಿಯಲ್ಲಿ ಉಗುಳಬಹುದು, ಅಷ್ಟು ಚಿಕ್ಕದು. ಸುತ್ತಲೂ ಹವಳದ ದಿಬ್ಬ. ದೊಡ್ಡ ಅಲೆಗಳು ಆ ದಿಬ್ಬಕ್ಕೆ ಬಡಿದು ಅಲ್ಲೇ ನಿಲ್ಲುತ್ತಿದ್ದವು. ಒಳಗಿನ ನೀರು ತಿಳಿ. ಎದೆಯುದ್ದ ನೀರಿನಲ್ಲಿ ನಿಂತವನಿಗೆ ತನ್ನ ಕಾಲಿನ ಉಗುರು ಕಾಣುತ್ತಿತ್ತು. ಅಲ್ಲಿ ಬಣ್ಣಬಣ್ಣದ ಮೀನುಗಳಿದ್ದವು. ಅವುಗಳಲ್ಲಿ ಗಿಳಿಯ ಕೊಕ್ಕಿನಂಥ ಬಾಯಿಯ ಹಸಿರು ಮೀನುಗಳೇ ಹೆಚ್ಚು. ಅವು ಹವಳದ ಮೇಲೆ ಕಟ್ಟುವ ಪಾಚಿಯನ್ನು ಹಗಲೆಲ್ಲ ಕೆರೆದು ತಿನ್ನುತ್ತಿದ್ದವು. ನೀರಿಗೆ ಕಿವಿ ಅದ್ದಿದರೆ ಆ ಕರಕರ ಸದ್ದು ಕೇಳುತ್ತಿತ್ತು.

ಇದನ್ನು ನೋಡಲು ದಡದ ಊರುಗಳಿಂದ ಜನ ಹಡಗು ಹತ್ತಿ ಬರುತ್ತಿದ್ದರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಿದ್ದರು, ಆದರೂ ಬರುತ್ತಿದ್ದರು. ಮಲಗುವುದಕ್ಕಾದರೆ ಮನೆಯಲ್ಲೇ ಹಾಸಿಗೆ ಉಂಟು. ಎಳನೀರು ಎಲ್ಲ ಊರಿನಲ್ಲೂ ಸಿಗುತ್ತದೆ. ಅಷ್ಟು ದೂರ ಜನ ಹೋಗುವುದು ಬೇರೆ ಯಾವುದಕ್ಕೋ. ಅದು ಯಾವುದೆಂದು ತಿಳಿಯದೆ ಅಲ್ಲಿ ಅಂಗಡಿ ಇಟ್ಟವನು ಉಳಿಯುವುದಿಲ್ಲ.

ದ್ವೀಪದಲ್ಲಿ ಒಬ್ಬ ದೋಣಿಯವನಿದ್ದ. ಬಂದವರನ್ನು ದಿಬ್ಬದವರೆಗೆ ಕರೆದೊಯ್ದು ಮೀನು ತೋರಿಸುವುದೇ ಅವನ ಜೀವನ. ದೋಣಿ ಹತ್ತುವ ಮುಂಚೆಯೇ ಅವನು ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದ. “ಮೀನು ನನ್ನ ಮನೆಯ ಆಳಲ್ಲ. ನಾನು ದೋಣಿ ನಡೆಸುತ್ತೇನೆ, ನೀವು ನೋಡಿ. ಕಂಡರೆ ಕಂಡಿತು. ಕಾಣದಿದ್ದರೆ ನನ್ನನ್ನು ಬೈಯಬೇಡಿ.” ಒಪ್ಪದವರು ದಡದಲ್ಲೇ ಉಳಿಯುತ್ತಿದ್ದರು. ಹೆಚ್ಚಿನವರು ಒಪ್ಪಿ ಹತ್ತುತ್ತಿದ್ದರು.

ಅಲ್ಲಿಗೆ ಒಬ್ಬ ವ್ಯಾಪಾರಿ ಬಂದ. ಅವನದು ಹೊಳೆದಂಡೆಯ ಊರು. ಆ ಊರಿನ ದೇವಸ್ಥಾನದ ಮೆಟ್ಟಿಲ ಬಳಿ ದೇವರ ಮೀನುಗಳಿದ್ದವು. ಭಕ್ತರು ಮಂಡಕ್ಕಿ ಎರಚಿದರೆ ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ಆ ಮೆಟ್ಟಿಲ ಪಕ್ಕದಲ್ಲಿ ಮಂಡಕ್ಕಿ ಮಾರಿಯೇ ವ್ಯಾಪಾರಿಯ ಅಪ್ಪ ಮನೆ ಕಟ್ಟಿದ್ದ. ಮಗ ದ್ವೀಪದಲ್ಲಿ ಹನ್ನೆರಡು ಕೋಣೆ ಕಟ್ಟಿಸಿದ. ಅವನ ಅತಿಥಿಗಳಲ್ಲಿ ಕೆಲವರು ಮೀನು ಕಾಣದೆ ಮರಳಿ ಬಂದು ಗೊಣಗಿದರು. ಅವನಿಗೆ ಉಪಾಯ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಮುಂದಿನ ಹಡಗಿನಲ್ಲಿ ಮಂಡಕ್ಕಿಯ ಮೂಟೆಗಳು ಬಂದಿಳಿದವು.

ವ್ಯಾಪಾರಿ ದೋಣಿಯವನನ್ನು ಕರೆದ.

“ದೋಣಿಗೊಂದು ಚೀಲ ಇಟ್ಟುಕೋ. ಹಿಡಿ ಎರಚು, ಮೀನು ಓಡಿ ಬರುತ್ತದೆ. ಅಲ್ಲಿ ಇಲ್ಲಿ ಹುಡುಕುತ್ತ ಹುಟ್ಟು ಹಾಕುವ ಶ್ರಮವೂ ನಿನಗೆ ಉಳಿಯಿತು.”

“ಬೇಡ ಸಾಹುಕಾರರೇ.”

“ಯಾಕೆ, ಮಂಡಕ್ಕಿ ಮೆತ್ತಗಾಗಿದೆಯೋ?”

“ಆ ಮೀನಿಗೆ ಕೆಲಸ ಇದೆ. ಕೂತಲ್ಲಿಗೆ ಊಟ ಬಂದ ಮೇಲೂ ಕೆಲಸಕ್ಕೆ ಹೋಗುವವರನ್ನು ನೀವು ಎಲ್ಲಿಯಾದರೂ ಕಂಡದ್ದುಂಟೇ?”

“ಹಸಿದ ಬಾಯಿಗೆ ಹಾಕಿದರೆ ಪುಣ್ಯ ಮಾರಾಯ. ನಮ್ಮೂರಿಗೆ ಬಂದು ನೋಡು.”

“ಹಸಿದಿದೆ ಎಂದು ನಿಮ್ಮ ಹತ್ತಿರ ಯಾರು ಬಂದು ಹೇಳಿದರು?”

ವ್ಯಾಪಾರಿ ನಕ್ಕು ಬೇರೆ ದೋಣಿಗಳನ್ನು ಗೊತ್ತುಮಾಡಿದ. ಅವು ದಿಬ್ಬದ ತೆಂಕಣ ಮಗ್ಗುಲಿಗೆ ಹೋದವು. ಹಿಡಿ ಎರಚಿದ ಕೂಡಲೇ ನೀರು ಕುದಿದಂತೆ ಮೀನು ಎದ್ದವು. ಹೆಂಗಸರು ಕೈಯಲ್ಲೇ ತಿನ್ನಿಸಿದರು. ಮುದುಕರು ಕೈಮುಗಿದರು. ಮುಂದಿನ ಹಡಗಿನಲ್ಲಿ ಇಮ್ಮಡಿ ಜನ ಬಂದರು.

ದೋಣಿಯವನು ಬಡಗಣ ಮಗ್ಗುಲಿಗೇ ಹೋಗುತ್ತಿದ್ದ. ಅವನ ಮಾತು ಹಾಗೇ ಇತ್ತು, ಕೇಳುವವರು ಕಡಿಮೆಯಾದರು. ಕೊನೆಗೆ ವಾರಕ್ಕೆ ಇಬ್ಬರು ಮೂವರು ಸಿಕ್ಕರೆ ಹೆಚ್ಚು. ಅವನು ಬೆಳಗಿನ ಜಾವ ದಿಬ್ಬದಾಚೆಯ ಕಡಲಿಗೆ ಹೋಗಿ ಗಾಳ ಹಾಕಿ ಮನೆ ನಡೆಸಿದ. ದಡದಲ್ಲಿ ಜನ ಅವನನ್ನು ಆಡಿಕೊಂಡರು. ಮೂಕಪ್ರಾಣಿಗೆ ಒಂದು ಹಿಡಿ ಹಾಕಲು ಕೈ ಬಾರದವನು ಎಂದರು.

ಅವನ ಹೆಂಡತಿಯೂ ಸಹಿಸುವಷ್ಟು ಸಹಿಸಿದಳು. ಒಂದು ದಿನ ಕೇಳಿಯೇ ಬಿಟ್ಟಳು. “ಒಂದು ಹಿಡಿ ಮಂಡಕ್ಕಿಗೆ ಇಷ್ಟು ಹಟವೇ? ದೋಣಿ ಮಾರಬೇಕಾಗಿ ಬಂದರೆ ಆ ಮೀನುಗಳು ಬಂದು ಬಿಡಿಸಿಕೊಡುತ್ತವೆಯೇ?”

“ಒಂದು ಹಿಡಿಯಾದರೆ ನಾನೂ ಹಾಕುತ್ತಿದ್ದೆ,” ಎಂದ ಅವನು. “ಇಂದು ಹಾಕಿದರೆ ನಾಳೆಯೂ ಹಾಕಬೇಕು. ಆಮೇಲೆ ನಾನು ದೋಣಿಯವನಲ್ಲ, ಮಂಡಕ್ಕಿಯವನು.”

“ನೀನು ಯಾರಾದರೂ ಆಗು. ಒಲೆ ಉರಿಯಬೇಕು.”

“ಉರಿಯುತ್ತಿದೆಯಲ್ಲ.”

ಉರಿಯುತ್ತಿತ್ತು, ನಿಜ. ಹೇಗೆ ಉರಿಯುತ್ತಿತ್ತೆಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಮತ್ತೆ ಕೇಳಲಿಲ್ಲ.

ಮೂರು ಮಳೆಗಾಲ ಕಳೆಯಿತು. ತೆಂಕಣದ ಮೀನುಗಳು ಕೊಬ್ಬಿದವು. ದೋಣಿಯ ಸದ್ದಾದರೆ ಬರುತ್ತಿದ್ದವು, ಉಳಿದ ಹೊತ್ತು ಸುಮ್ಮನೆ ತೇಲುತ್ತಿದ್ದವು. ಹವಳದ ಮೇಲೆ ಪಾಚಿ ದಪ್ಪಗೆ ಬೆಳೆಯಿತು. ಅದರಡಿಯಲ್ಲಿ ಹವಳ ಸತ್ತಿತು. ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ಹವಳದ ಸಂದಿಯಲ್ಲಿ ಬದುಕುತ್ತಿದ್ದ ಸಣ್ಣ ಮೀನುಗಳು ಕಾಣದಾದವು. ಮಂಡಕ್ಕಿ ತಿನ್ನುವವು ಮಾತ್ರ ಉಳಿದವು.

ಆ ವರ್ಷ ಬಂದ ಒಬ್ಬಳು ಮುದುಕಿ ದೋಣಿಯಿಂದಿಳಿದು ವ್ಯಾಪಾರಿಯ ಮುಂದೆಯೇ ಮಗನಿಗೆ ಹೇಳಿದಳು. “ಇದನ್ನು ತೋರಿಸಲು ನನ್ನನ್ನು ಇಷ್ಟು ದೂರ ಹೊತ್ತು ತಂದೆಯೇನೋ? ನಮ್ಮ ಹೊಳೆಯ ಮೀನು ಇದಕ್ಕಿಂತ ಚೆನ್ನಾಗಿ ತಿನ್ನುತ್ತದೆ. ಅಲ್ಲಿ ದೇವರಾದರೂ ಇದ್ದಾನೆ.”

ಸುತ್ತಲಿದ್ದವರು ನಕ್ಕರು. ವ್ಯಾಪಾರಿ ನಗಲಿಲ್ಲ. ಅವನೂ ಹುಟ್ಟಾ ವ್ಯಾಪಾರಿ. ಆ ಮಾತಿನಲ್ಲಿ ತನ್ನ ಹನ್ನೆರಡು ಕೋಣೆಗೂ ಬೀಗ ಬೀಳುವ ಸದ್ದು ಅವನಿಗೆ ಕೇಳಿಸಿತು. ಆಗ ಅವನಿಗೆ ಅರ್ಥವಾಯಿತು. ಜನ ಕಡಲು ದಾಟಿ ಬರುತ್ತಿದ್ದುದು ತಮ್ಮ ಹಂಗೇ ಇಲ್ಲದ ಜೀವವೊಂದನ್ನು ಅದರ ಮನೆಯಲ್ಲಿ ನೋಡಲಿಕ್ಕೆ. ತಮ್ಮ ಹಂಗಿನಲ್ಲಿರುವವು ಅವರ ಊರಿನಲ್ಲೇ ಬೇಕಾದಷ್ಟಿದ್ದವು.

ಅವನು ದೋಣಿಯವನ ಮನೆಗೆ ನಡೆದು ಹೋದ. “ಇನ್ನು ಮುಂದೆ ನನ್ನ ಅತಿಥಿಗಳನ್ನೆಲ್ಲ ನಿನ್ನ ಬಡಗಣ ಮಗ್ಗುಲಿಗೆ ಕರೆದುಕೊಂಡು ಹೋಗು,” ಎಂದ.

“ಎಲ್ಲರನ್ನೂ ಅಲ್ಲಿಗೆ ತುಂಬಿದರೆ ಅದೂ ಮೂರು ವರ್ಷಕ್ಕೆ ಮುಗಿಯುತ್ತದೆ,” ಎಂದ ದೋಣಿಯವನು. “ದಿನಕ್ಕೆ ಎರಡು ದೋಣಿ. ಅದಕ್ಕಿಂತ ಹೆಚ್ಚಿಲ್ಲ. ತೆಂಕಣಕ್ಕೆ ಮಂಡಕ್ಕಿ ಇವತ್ತೇ ನಿಲ್ಲಬೇಕು. ಹತ್ತುವ ಮುಂಚೆ ನನ್ನ ಮಾತನ್ನು ನಿಮ್ಮ ಬಾಯಿಂದಲೇ ಹೇಳಬೇಕು.”

“ಕಾಣದೆಯೂ ಇರಬಹುದು ಎಂದು ನಾನೇ ಹೇಳಲೇ? ಯಾರು ಬರುತ್ತಾರೆ?”

“ಬರುವವರು ಬರುತ್ತಾರೆ.”

“ನಿಲ್ಲಿಸಿದರೆ ಮೀನು ಸಾಯುವುದಿಲ್ಲವೇ?”

“ಸಾಯುವುದಿಲ್ಲ. ಹಸಿಯುತ್ತವೆ. ಹಸಿದರೆ ಹಲ್ಲು ನೆನಪಾಗುತ್ತದೆ.”

ವ್ಯಾಪಾರಿಗೆ ಬೇರೆ ದಾರಿ ಇರಲಿಲ್ಲ. ಒಪ್ಪಿದ.

ಮಂಡಕ್ಕಿ ನಿಲ್ಲಿಸಿದರಷ್ಟೇ ಸಾಲದು, ದೋಣಿ ಬಂದರೂ ಏನೂ ಸಿಗುವುದಿಲ್ಲ ಎಂಬುದನ್ನು ಮೀನು ಕಲಿಯಬೇಕು ಎಂದ ದೋಣಿಯವನು. ಮಾರನೆಯ ದಿನದಿಂದ ಅವನು ದಿನಾ ಬೆಳಗ್ಗೆ ಖಾಲಿ ದೋಣಿಯನ್ನು ತೆಂಕಣಕ್ಕೆ ಒಯ್ದು, ಮಂಡಕ್ಕಿ ಎರಚುತ್ತಿದ್ದ ಜಾಗದಲ್ಲೇ ನಿಲ್ಲಿಸಿ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತ. ಮೀನು ಮುತ್ತಿದವು. ಹಲಗೆಗೆ ಬಡಿದವು. ಅವನು ಹೊತ್ತು ಏರುವವರೆಗೆ ಕೂತು ಮರಳಿದ.

ಎರಡನೆಯ ವಾರ ವ್ಯಾಪಾರಿಯೂ ಅವನ ಜೊತೆ ಹೋದ. ನೀರಿನ ತುಂಬ ಬಾಯಿಗಳು. ಒಂದೂ ಮೀನು ಹವಳದತ್ತ ತಿರುಗಲಿಲ್ಲ. ಎಲ್ಲವೂ ದೋಣಿಯಲ್ಲಿದ್ದವರ ಕೈಗಳನ್ನೇ ನೋಡುತ್ತಿದ್ದವು. ಕೈ ಸ್ವಲ್ಪ ಅಲುಗಿದರೆ ಅತ್ತ ನುಗ್ಗುತ್ತಿದ್ದವು.

“ಒಂದೇ ಒಂದು ಹಿಡಿ,” ಎಂದ ವ್ಯಾಪಾರಿ. “ನನ್ನ ಕೈಯಿಂದ ಆಗುವುದಿಲ್ಲ ಮಾರಾಯ. ನನ್ನ ಮನೆಯಲ್ಲಿ ಯಾರೂ ಕೇಳಿದವರಿಗೆ ಇಲ್ಲ ಎಂದವರಲ್ಲ.”

“ನಿಮ್ಮ ಕೈಗಳ ಮೇಲೆ ಕೂತುಕೊಳ್ಳಿ ಸಾಹುಕಾರರೇ,” ಎಂದ ದೋಣಿಯವನು.

ವ್ಯಾಪಾರಿ ತನ್ನ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ.

ಏಳನೆಯ ವಾರದಲ್ಲಿ ಒಂದು ಬೆಳಗ್ಗೆ ಅವರ ದೋಣಿ ಅಲ್ಲಿ ನಿಂತಾಗ ಯಾವ ಮೀನೂ ಬರಲಿಲ್ಲ. ಒಂದು ಹಿಂಡು ದೋಣಿಯಡಿಯಲ್ಲೇ ಹಾದು ಹೋಯಿತು, ತಲೆ ಎತ್ತಲಿಲ್ಲ. ದೋಣಿಯವನು ಬಾಗಿ ಕಿವಿಯನ್ನು ನೀರಿಗೆ ಅದ್ದಿದ. ಸ್ವಲ್ಪ ಹೊತ್ತು ಹಾಗೇ ಇದ್ದ. ಆಮೇಲೆ ವ್ಯಾಪಾರಿಗೂ ಕೇಳು ಎಂದು ಸನ್ನೆ ಮಾಡಿದ. ದೂರದಲ್ಲಿ, ಅಲ್ಲೊಂದು ಇಲ್ಲೊಂದು, ಕರಕರ ಎನ್ನುತ್ತಿತ್ತು.

“ಕೆಲಸಕ್ಕೆ ಹೋದವು,” ಎಂದು ದೋಣಿಯವನು ಹುಟ್ಟು ಕೈಗೆತ್ತಿಕೊಂಡ.

ಸತ್ತ ಹವಳ ಮರಳಿ ಬೆಳೆಯುವುದನ್ನು ನೋಡಲು ಅವರಿಬ್ಬರಿಗೂ ಆಯಸ್ಸು ಸಾಲದು. ಆದರೆ ಪಾಚಿ ಸರಿದ ಕಡೆ ಹೊಸದು ಕೂರಲು ಜಾಗವಾಯಿತು. ಹಡಗಿನಲ್ಲಿ ಮುಂಚಿನ ಅರ್ಧದಷ್ಟು ಜನ ಬಂದರು. ವ್ಯಾಪಾರಿ ಐದು ಕೋಣೆ ಮುಚ್ಚಿ, ಏಳನ್ನು ಇಟ್ಟುಕೊಂಡ. ಪ್ರತಿ ಬೆಳಗ್ಗೆ ದಡದಲ್ಲಿ ನಿಂತು, ಕಂಡರೆ ಕಂಡಿತು, ಕಾಣದಿದ್ದರೆ ಬೈಯಬೇಡಿ ಎಂದು ತಾನೇ ಹೇಳಿದ. ಮೊದಮೊದಲು ಹೇಳುವಾಗ ತೊದಲುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಪದ್ಮಯ್ಯ ಎದ್ದು ಕೈಮುಗಿದ. ಆಮೇಲೆ ಹೇಳಿದ. “ತಿಳಿಯಿತು ಗುರುಗಳೇ. ನಾಳೆ ಪಾಲುದಾರನಿಗೆ ಆಗುವುದಿಲ್ಲ ಎಂದೇ ಹೇಳುತ್ತೇನೆ. ಆದರೆ ನನ್ನ ನಾಲ್ಕು ಕೋಣೆ ಖಾಲಿ ಬೀಳುವುದಿಲ್ಲ ಎಂದು ತಾವು ಒಂದು ಮಾತು ಕೊಡಬೇಕು. ಅಷ್ಟು ಕೊಟ್ಟರೆ ಸಾಕು, ಧೈರ್ಯವಾಗಿ ಹೋಗುತ್ತೇನೆ.”

ಗುರುಗಳು ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದರು:

“ನೀನೂ ಕೈಯನ್ನೇ ನೋಡುತ್ತಿದ್ದೀಯಲ್ಲ, ಪದ್ಮಯ್ಯ.”