ಆರು ಸಾಲು ಅವರಿಗೆ, ಆರು ಸಾಲು ಇವರಿಗೆ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅದರ ಹೊರಗೋಡೆಗೆ ಒಂದು ಕರಿಹಲಗೆ.

ದೋಣಿಗೆ ಕಾಯುವ ಜನ ಆ ಹಲಗೆಯ ಮುಂದೆ ನಿಲ್ಲುತ್ತಿದ್ದರು. ದಿನಾ ಬೆಳಿಗ್ಗೆ ಊರಿನ ಸುದ್ದಿಯನ್ನು ಅದರ ಮೇಲೆ ಬರೆಯುವುದು ಶಿಷ್ಯೆ ವಾರಿಜಳ ಕೆಲಸ. ಅವಳ ಮಾತು ಕಡಿಮೆ. ಅಕ್ಷರ ಮಾತ್ರ ಮುತ್ತಿನ ಹಾಗೆ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಪೇಟೆಯ ಪತ್ರಿಕೆಗಳು ಒಂದೊಂದೂ ಒಂದೊಂದು ಪಕ್ಷದ ತುತ್ತೂರಿ. ಅಜ್ಜಾರ ಬೋರ್ಡು ಮಾತ್ರ ಹಾಗಲ್ಲ," ಎಂದು ಜನ ಹೇಳುವುದಿತ್ತು. ಆ ಮಾತು ಕಿವಿಗೆ ಬಿದ್ದ ದಿನ ವಾರಿಜ ಹಲಗೆಯನ್ನು ಎರಡು ಸಲ ಒರೆಸುತ್ತಿದ್ದಳು.

ಆ ವರ್ಷ ಪಂಚಾಯ್ತಿ ಚುನಾವಣೆ ಬಂತು.

ಮೇಲಿನ ಓಣಿಯಿಂದ ಬಸವಂತಪ್ಪ ಮಾಸ್ತರರು ನಿಂತರು. ದೋಣಿ ನಿಲ್ಲುವ ದಂಡೆಯನ್ನು ಹೊಸ ರಸ್ತೆಯ ಹತ್ತಿರಕ್ಕೆ ಒಯ್ಯುತ್ತೇವೆ ಎಂದರು.

ಕೆಳಗಿನ ಓಣಿಯಿಂದ ಹುಲಿಗೆವ್ವ ನಿಂತಳು. ದೋಣಿಗೆ ಹುಟ್ಟು ಹಾಕುವವಳು. ದಂಡೆ ಇದ್ದಲ್ಲೇ ಇರಬೇಕು ಎಂದಳು. ದಂಡೆ ಹೋದರೆ ಅವಳದೂ ಸೇರಿ ಅಂಬಿಗರ ಹನ್ನೊಂದು ಮನೆಗಳನ್ನೂ ಅಲ್ಲಿಂದ ಕೀಳಬೇಕಾಗುತ್ತಿತ್ತು.

ವಾರಿಜ ಹಲಗೆಯ ನಡುವೆ ಒಂದು ಗೆರೆ ಎಳೆದಳು. ಎಡಕ್ಕೆ ಆರು ಸಾಲು ಮಾಸ್ತರರಿಗೆ. ಬಲಕ್ಕೆ ಆರು ಸಾಲು ಹುಲಿಗೆವ್ವನಿಗೆ.

ಒಂದು ಬೆಳಿಗ್ಗೆ ಹುಲಿಗೆವ್ವ ಹಲಗೆಯ ಮುಂದೆ ಬಂದು ನಿಂತಳು. ಯಾರೋ ಅವಳಿಗೆ ಓದಿ ಹೇಳಿದರು.

"ಚೆಂದ ಬರೀತಿ ಬಿಡವ್ವಾ," ಎಂದಳು ಹುಲಿಗೆವ್ವ. "ಆದ್ರ ನಿನ್ನ ಬೋರ್ಡು ಒಂದ ಕಡೆ ವಾಲೇತಿ."

ವಾರಿಜಳ ಮುಖ ಕೆಂಪಾಯಿತು. "ಇಲ್ಲ... ಎರಡೂ ಕಡೆ ಆರಾರು ಸಾಲು. ಎಣಿಸಿಯೇ ಬರೆದಿದ್ದೇನೆ."

"ಎಣಿಸೀದಿ, ಇಲ್ಲ ಅನ್ನಂಗಿಲ್ಲ. ನನಗ ಓದಾಕ ಬರಂಗಿಲ್ಲ, ಎಣಿಸಾಕ ಬರತೈತಿ. ಆರ ಅದಾವು."

ನಕ್ಕು, ಹುಟ್ಟನ್ನು ಹೆಗಲಿಗೇರಿಸಿಕೊಂಡು ಹೊರಟುಹೋದಳು.

ವಾರಿಜ ಒಳಗೆ ಬಂದಳು. ಅಜ್ಜಾರು ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು.

"ಅಜ್ಜಾರೇ, ನನ್ನ ಹಲಗೆ ಒಂದು ಪಕ್ಷದ ಕಡೆ ವಾಲಿದೆಯೇ?"

"ಯಾರು ಗೆಲ್ಲಬೇಕು ಅಂತ ನಿನ್ನ ಮನಸ್ಸಿನಲ್ಲಿದೆ?"

"ಯಾರಾದರೂ ಗೆಲ್ಲಲಿ. ಆಣೆ ಮಾಡಿ ಹೇಳುತ್ತೇನೆ."

"ಹಾಗಾದರೆ ನಡೆ, ನೋಡೋಣ. ಒಂದು ಒದ್ದೆ ಬಟ್ಟೆ ತಾ."

ಇಬ್ಬರೂ ಹಲಗೆಯ ಮುಂದೆ ನಿಂತರು.

"ಓದು," ಎಂದರು ಅಜ್ಜಾರು.

"ರಸ್ತೆ ಹತ್ತಿರವಾದರೆ ಬಸುರಿಯರಿಗೂ ಮುದುಕರಿಗೂ ಅನುಕೂಲ ಎಂದು ಮಾಸ್ತರರು ವಿವರಿಸಿದರು."

"ಎಲ್ಲಿ ಕೇಳಿದೆ?"

"ಅವರ ಮನೆಯ ಕಟ್ಟೆಯ ಮೇಲೆ. ಅವರೇ ಹೇಳಿದರು."

"ಇರಲಿ."

ಎಡಗಡೆಯ ಆರೂ ಸಾಲು ಹೀಗೇ ಉಳಿದವು.

"ಈಗ ಈ ಕಡೆ."

"ಹಳೇ ದಂಡೆ ಬಿಡುವುದಿಲ್ಲ ಎಂದು ಹುಲಿಗೆವ್ವ ಹಠ ಹಿಡಿದಿದ್ದಾಳೆ."

"ಇದನ್ನು ಎಲ್ಲಿ ಕೇಳಿದೆ?"

"ಮಾಸ್ತರರ ಕಟ್ಟೆಯ ಮೇಲೆ."

ಅಜ್ಜಾರು ಒದ್ದೆ ಬಟ್ಟೆಯಿಂದ ಆ ಸಾಲನ್ನು ಒರೆಸಿದರು.

"ಮುಂದೆ?"

"ಹೋದ ಮಳೆಗಾಲ ಅದೇ ದಂಡೆಯಲ್ಲಿ ದೋಣಿ ಮಗುಚಿದ್ದನ್ನು ಅಂಬಿಗರು ಮರೆತಂತಿದೆ."

"ಇದು?"

"ಅಲ್ಲೇ. ಮಾಸ್ತರರ ಹೆಂಡತಿ ಮಜ್ಜಿಗೆ ಕೊಡುವಾಗ ಹೇಳಿದರು. ಆ ದೋಣಿಯಲ್ಲಿ ಅವರೂ ಇದ್ದರಂತೆ. ಕೈ ಮುರಿದಿತ್ತಂತೆ."

"ಮಜ್ಜಿಗೆ ಚೆನ್ನಾಗಿತ್ತೇ?"

"ಶುಂಠಿ ಹಾಕಿದ್ದರು."

"ಪಾಪ," ಎಂದರು ಅಜ್ಜಾರು. ಆ ಸಾಲನ್ನೂ ಒರೆಸಿದರು.

ಉಳಿದ ನಾಲ್ಕು ಸಾಲುಗಳೂ ಆ ಕಟ್ಟೆಯಿಂದಲೇ ಬಂದವು. ಅವೂ ಹೋದವು. ಗೆರೆಯ ಬಲಗಡೆ ಕಪ್ಪು ಮಾತ್ರ ಉಳಿಯಿತು.

"ಹೀಗೇ ಇರಲಿ," ಎಂದರು.

"ಅರ್ಧ ಹಲಗೆ ಖಾಲಿ, ಅಜ್ಜಾರೇ! ಜನ ಏನೆಂದಾರು?"

"ಇವಳಿಗೆ ಗೊತ್ತಿರುವುದು ಇಷ್ಟೇ ಎಂದಾರು."

ವಾರಿಜ ತಲೆ ತಗ್ಗಿಸಿದಳು.

"ಕೆಳಗಿನ ಓಣಿಗೆ ಯಾಕೆ ಹೋಗಲಿಲ್ಲ, ಮಗಳೇ?"

"ನಾಚಿಕೆ. ಹೋದ ಮೊದಲ ದಿನವೇ ಕೆಸರಲ್ಲಿ ಜಾರಿ ಬಿದ್ದೆ. ಎಲ್ಲರೂ ನಕ್ಕರು. ನಾಯಿ ಕೂಡ..."

"ನಾಯಿಯೂ ನಕ್ಕಿತೇ?"

"ಬೊಗಳಿತು."

"ಅದರದ್ದು ಪಕ್ಷಪಾತವಲ್ಲ ಬಿಡು. ನನಗೂ ಬೊಗಳುತ್ತದೆ."

ಹಲಗೆ ಅರ್ಧ ಖಾಲಿಯೇ ಉಳಿಯಿತು. ದೋಣಿಗೆ ಬಂದವರು ಖಾಲಿ ಜಾಗವನ್ನೇ ಹೆಚ್ಚು ಹೊತ್ತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ವಾರಿಜಳಿಗೆ ತಡೆಯಲಾಗಲಿಲ್ಲ. ಪುಸ್ತಕ, ಪೆನ್ಸಿಲ್ ಹಿಡಿದು ಕೆಳಗಿನ ಓಣಿಗೆ ಇಳಿದಳು.

ನಾಯಿ ಬೊಗಳಿತು. ಹುಲಿಗೆವ್ವ ಬೋರಲು ಹಾಕಿದ ದೋಣಿಗೆ ಡಾಂಬರು ಬಳಿಯುತ್ತಿದ್ದಳು.

"ಬಂದ್ಯಾ? ನಮ್ಮಲ್ಲಿ ಕುರ್ಚಿ ಇಲ್ಲವ್ವಾ. ದೋಣಿ ಮ್ಯಾಲೆ ಕೂಡು. ಅಯ್ಯ, ಆ ಕಡೆ ಬ್ಯಾಡ, ಡಾಂಬರ ಹಸಿ ಐತಿ..."

ವಾರಿಜ ಆ ಕಡೆಗೇ ಕೂತುಬಿಟ್ಟಿದ್ದಳು. ಓಣಿಯೆಲ್ಲ ನಕ್ಕಿತು. ಏನು ಮಾಡಬೇಕೋ ತಿಳಿಯದೆ ಅವಳೂ ನಕ್ಕಳು.

ಮೂರು ದಿನ ಹೋದಳು. ಮೂರು ದಿನವೂ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಹೊಸ ದಂಡೆಯ ಹತ್ತಿರ ನೀರು ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳೆಯುತ್ತದೆ ಎಂಬುದನ್ನು ಹಗ್ಗ ಹಿಡಿದು ನೀರಿಗಿಳಿದು ತಾನೇ ನೋಡಿದಳು. ಹನ್ನೊಂದು ಮನೆಗಳಲ್ಲಿ ಒಂಬತ್ತರ ಒಳಗೆ ಹೋಗಿ ಬಂದಳು.

ಮೂರನೆಯ ದಿನ ಹುಲಿಗೆವ್ವ ಅವಳ ಲಂಗದ ಡಾಂಬರಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂತಳು.

"ಇನ್ನೊಂದು ಐತಿ, ಬರಕೋ," ಎಂದಳು. "ಹ್ವಾದ ಮಳಿಗಾಲದಾಗ ದೋಣಿ ಮಗಚಿತಲ್ಲ, ಅದು ದಂಡಿ ತಪ್ಪಲ್ಲ. ನಂದು."

ವಾರಿಜ ಪೆನ್ಸಿಲ್ ಎತ್ತಿದಳು.

"ಎಂಟ ಮಂದಿ ಕೂಡೋ ದೋಣಿ. ಹದಿಮೂರ ಮಂದೀನ ಹತ್ತಿಸಿದ್ದೆ. ಆ ಮಳ್ಯಾಗ ಯಾರ ಎಣಿಸ್ತಾರ? ಎಲ್ಲಾರೂ ಹೊಳಿಗೆ ಬೈದ್ರು. ನಾ ಸುಮ್ಮನಿದ್ದೆ. ಮಾಸ್ತರ ಹೆಂಡ್ತಿ ಕೈ ಮುರದಿದ್ದು ನನ್ನಿಂದ."

"ಇದನ್ನು ಯಾರಿಗಾದರೂ ಹೇಳಿದ್ದೀರಾ?"

"ನಿನಗ ಹೇಳಾಕತ್ತೀನಲ್ಲ. ಕಾಲು ಸರಿಸು, ಈ ಕಡೆನೂ ಹತ್ತೇತಿ."

ಮರುದಿನ ಬೆಳಿಗ್ಗೆ ವಾರಿಜ ಹಲಗೆಯ ಖಾಲಿ ಅರ್ಧವನ್ನು ತುಂಬಿಸಿದಳು. ಆರು ಸಾಲು. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವಳು ಬರೆದಿರಲಿಲ್ಲ.

ಅಜ್ಜಾರು ಬಂದು ಓದಿದರು.

"ಎಲ್ಲವೂ ಅವಳ ಬಾಯಿಂದಲೇ ಬಂದದ್ದು, ಅಜ್ಜಾರೇ."

"ಚೆನ್ನಾಗಿದೆ. ಇಷ್ಟೇ ಹೇಳಿದಳೇ?"

ವಾರಿಜ ಹೊಳೆಯ ಕಡೆ ನೋಡಿದಳು.

"ಇನ್ನೊಂದು ಹೇಳಿದಳು."

ಆ ಮಾತನ್ನು ಅಜ್ಜಾರಿಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು.

"ಬರೆದರೆ ಅವಳು ಸೋಲುತ್ತಾಳೆ. ನಾಡಿದ್ದೇ ಮತದಾನ. ಹನ್ನೊಂದು ಮನೆ, ಅಜ್ಜಾರೇ. ಆ ಮನೆಗಳಲ್ಲಿ ನಾನು ಉಂಡಿದ್ದೇನೆ."

"ಅವಳು ಹೇಳುವಾಗ ನಿನ್ನ ಕೈಯಲ್ಲಿ ಏನಿತ್ತು?"

"ಪುಸ್ತಕ. ಪೆನ್ಸಿಲ್."

"ಅವಳಿಗೆ ಕಾಣುತ್ತಿತ್ತೇ?"

"ಬರಕೋ ಎಂದೇ ಹೇಳಿದಳು."

ಅಜ್ಜಾರು ಅವಳ ತಲೆಯ ಮೇಲೆ ಕೈಯಿಟ್ಟು, ಒಳಗೆ ಹೋದರು.

ಬಿಸಿಲು ಗೋಡೆಯ ಅರ್ಧಕ್ಕೆ ಬರುವವರೆಗೂ ವಾರಿಜ ಅಲ್ಲೇ ನಿಂತಿದ್ದಳು. ಆಮೇಲೆ ಏಳನೆಯ ಸಾಲು ಬರೆದಳು. ಅಕ್ಷರಗಳು ಸ್ವಲ್ಪ ಸೊಟ್ಟಗಾದವು.

ಜನ ಸೇರಿದರು. ಮಾಸ್ತರರೂ ಬಂದರು. ಎರಡೆರಡು ಸಲ ಓದಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ಹುಲಿಗೆವ್ವ ದೋಣಿ ಕಟ್ಟಿ ಬಂದಳು. "ಓದವ್ವಾ, ನೀನ ಓದು."

ವಾರಿಜ ಓದಿದಳು. ಆರು ಸಾಲು ಮುಗಿದ ಮೇಲೆ ನಿಲ್ಲಿಸಿದಳು.

"ಯಾಕ ನಿಂತಿ? ಹದಿಮೂರ ಮಂದಿ ಅಂತ ಹಾಕೀದಿಲ್ಲ?"

"ಹಾಕಿದ್ದೇನೆ."

"ಆತು. ಓದು."

ಮತದಾನವಾಯಿತು. ಹುಲಿಗೆವ್ವ ಹತ್ತೊಂಬತ್ತು ಮತಗಳಿಂದ ಸೋತಳು.

ಸುದ್ದಿ ಬಂದಾಗ ವಾರಿಜ ಹೊಳೆಯ ಮೆಟ್ಟಿಲ ಮೇಲೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅಜ್ಜಾರು ಮೆಲ್ಲಗೆ ಇಳಿದು ಬಂದು ಪಕ್ಕದಲ್ಲಿ ಕೂತರು.

"ಆ ಸಾಲು ಬರೆಯದಿದ್ದರೆ ಗೆಲ್ಲುತ್ತಿದ್ದಳು," ಎಂದಳು.

"ಇರಬಹುದು."

"ದಂಡೆಯ ತಪ್ಪಲ್ಲ ಎಂದೂ ಅದೇ ಸಾಲಿನಲ್ಲಿತ್ತು. ಅದನ್ನು ಯಾರೂ ಓದಲೇ ಇಲ್ಲ."

"ಹೌದು."

"ಈ ಮಳೆಗಾಲ ಮುಗಿದ ಮೇಲೆ ಮನೆ ಕೀಳುತ್ತಾರಂತೆ."

ಅಜ್ಜಾರು ಅವಳ ಕಡೆ ತಿರುಗಿದರು. "ಹುಲಿಗೆವ್ವ ಬೈದಳೇ?"

"ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 'ಹೊಸ ದಂಡೀಗೂ ಬರಬೇಕ ನೀನು, ರೊಟ್ಟಿ ಇರತಾವು' ಎಂದಳು."

ಅಷ್ಟು ಹೇಳಿ ಅತ್ತುಬಿಟ್ಟಳು. ಅಜ್ಜಾರು ತಮ್ಮ ಶಲ್ಯದ ತುದಿಯನ್ನು ಅವಳ ಕೈಗೆ ಕೊಟ್ಟರು.

ಅಳು ನಿಂತ ಮೇಲೆ ವಾರಿಜ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಇನ್ನು ಮೇಲೆ ಹೀಗಾಗಲು ಬಿಡುವುದಿಲ್ಲ, ಅಜ್ಜಾರೇ. ಯಾರ ಕಟ್ಟೆಯ ಮೇಲೂ ಕೂರುವುದಿಲ್ಲ, ಯಾರ ದೋಣಿಯ ಮೇಲೂ ಕೂರುವುದಿಲ್ಲ. ಯಾರನ್ನೂ ಹಚ್ಚಿಕೊಳ್ಳುವುದಿಲ್ಲ. ಎಲ್ಲರಿಂದಲೂ ದೂರ ನಿಂತು ಬರೆಯುತ್ತೇನೆ. ಆಗ ಹಲಗೆ ಯಾವ ಕಡೆಗೂ ವಾಲುವುದಿಲ್ಲ."

"ವಾಲುವುದಿಲ್ಲ," ಎಂದರು ಅಜ್ಜಾರು. "ಆದರೆ ಅಷ್ಟು ದೂರ ನಿಂತವಳ ಹತ್ತಿರ ಯಾರು ತಾನೇ ತಮ್ಮ ತಪ್ಪು ಹೇಳಿಕೊಳ್ಳುತ್ತಾರೆ, ಮಗಳೇ?"